ಸರಿ ತಪ್ಪು ಕೇಳಿಕೊಂಡು ಊರೂರು ಸುತ್ತಿದ್ದು

ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮೊದಲ ವರ್ಷ ಜನ ನನ್ನನ್ನು ಏನೇನೆಂದು ತಿಳಿದರೋ ಲೆಕ್ಕವಿಲ್ಲ. ಜನಗಣತಿಯವಳು ಅಂದರು, ಪೋಲಿಯೋ ನರ್ಸು ಅಂದರು, ವಿಮೆ ಮಾಡಿಸುವ ಏಜೆಂಟು ಅಂದರು. ಒಂದು ಮನೆಯಲ್ಲಂತೂ ಗಂಡಿನ ಕಡೆಯಿಂದ ಹೆಣ್ಣು ನೋಡಲು ಬಂದ ಅಕ್ಕ ಎಂದುಕೊಂಡು ಉಪ್ಪಿಟ್ಟು, ಕೇಸರಿಬಾತು ಕೊಟ್ಟು, ಮಗಳಿಗೆ ರೇಷ್ಮೆ ಸೀರೆ ಉಡಿಸಿ ನನ್ನೆದುರು ಕೂರಿಸಿಬಿಟ್ಟರು. ನಾನು ಕೇಸರಿಬಾತು ಮುಗಿಸಿ, ಕಾಫಿ ಕುಡಿದು, ಆಮೇಲೆ ನಿಜ ಹೇಳಿದೆ. ಜನ ಸರಿ ಯಾವುದು, ತಪ್ಪು ಯಾವುದು ಎಂದು ಹೇಗೆ ತೀರ್ಮಾನಿಸುತ್ತಾರೆ ಎನ್ನುವುದೇ ನನ್ನ ಸಂಶೋಧನೆಯ ವಿಷಯ. ಅಂಥವಳು ತಟ್ಟೆಗೆ ಕೈ ಹಾಕುವ ಮೊದಲೇ ಹೇಳಬೇಕಿತ್ತು ಎನ್ನುವುದು ವಾಪಸ್ ಬರುವ ಬಸ್ಸಿನಲ್ಲಿ ಹೊಳೆಯಿತು.

ನನ್ನದು ಸಾಮಾಜಿಕ ಮನಶ್ಶಾಸ್ತ್ರ. ಹುಟ್ಟಿದ್ದು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ, ಪಾಠ ಮಾಡಿದ್ದು ಹಾಸನದ ಕಾಲೇಜಿನಲ್ಲಿ, ಸಂಶೋಧನೆಗೆ ಹೆಸರು ನೋಂದಾಯಿಸಿದ್ದು ಮೈಸೂರಿನಲ್ಲಿ. ಈಚೆಗೆ ಇದೇ ವಿಷಯದಲ್ಲಿ ಕೆಲಸ ಶುರುಮಾಡಿರುವ ಹುಡುಗ ಹುಡುಗಿಯರು ಮನೆಗೆ ಬಂದು, "ಮೇಡಂ, ಆಗ ಫೀಲ್ಡ್ ವರ್ಕ್ ಹೇಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೀಡರ್ ಆದದ್ದು, ವಿಭಾಗದ ಮುಖ್ಯಸ್ಥೆಯಾದದ್ದು ಎಲ್ಲ ಸರ್ವೀಸ್ ರಿಜಿಸ್ಟರಿನಲ್ಲಿದೆ. ಅಲ್ಲೇ ಇರಲಿ. ನನಗೆ ನೆನಪಿರುವುದು ಪೆಟ್ಟು ತಿಂದ ಜಾಗಗಳು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಮಾರ್ಗದರ್ಶಕರು ನಾಗಭೂಷಣ ಮೇಷ್ಟ್ರು. ಬೇಸಿಗೆಯಲ್ಲೂ ಟೈ ಕಟ್ಟುತ್ತಿದ್ದ, ಓದದೆ ಬಿಟ್ಟ ಪುಸ್ತಕವೇ ಇಲ್ಲದ, ಹಳ್ಳಿಯ ಕಡೆ ಮಾತ್ರ ತಲೆ ಹಾಕದ ವಿದ್ವಾಂಸರು. ಅವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡು ನಾನು ಮಲ್ಲಿಪಟ್ಟಣದ ಹತ್ತಿರದ ಹಳ್ಳಿಯೊಂದಕ್ಕೆ ಹೋದೆ. ಪ್ರಶ್ನೆ ಹೀಗಿತ್ತು: ಹೊಳೆಯ ನಡುವೆ ದೋಣಿಯಲ್ಲಿ ಐದು ಜನ ಇದ್ದಾರೆ. ದೋಣಿ ಮುಳುಗುತ್ತಿದೆ. ಒಬ್ಬರನ್ನು ನೀರಿಗೆ ತಳ್ಳಿದರೆ ಉಳಿದ ನಾಲ್ವರು ಬದುಕುತ್ತಾರೆ. ತಳ್ಳುವುದು ಸರಿಯೋ ತಪ್ಪೋ?

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಿಂಗಮ್ಮ ಎಂಬ ಅಜ್ಜಿಯನ್ನು ಮೊದಲು ಕೇಳಿದೆ. ಅಜ್ಜಿ ಕೈ ನಿಲ್ಲಿಸದೆ ಕೇಳಿಸಿಕೊಂಡಿತು.

"ಯಾರವ್ವ ಐದ್ ಜನುನ್ನ ದೋಣಿಗ್ ಅತ್ತುಸ್ದೋನು?"

"ಅದು ಇಲ್ಲಿ ಮುಖ್ಯ ಅಲ್ಲ ಅಜ್ಜಿ."

"ಅಂಗಂದ್ರೆ ಎಂಗೆ? ತಪ್ಪು ಮಾಡ್ದೋನು ಅವ್ನೇ ಅಲ್ವಾ?"

"ಅಂಬಿಗ ದೋಣಿಯಲ್ಲಿಲ್ಲ ಅಂದ್ಕೊಳ್ಳಿ."

"ಅಂಬಿಗ ಇಲ್ದೆ ದೋಣಿ ನಡೂನೀರಿಗೆ ಎಂಗೋಯ್ತು?"

ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು, ಕೊಟ್ಟಿಗೆಯಲ್ಲಿದ್ದವರು ಬಂದರು. ಒಬ್ಬ ಗೌಡರು, "ಈಜು ಬರೋರು ಯಾರ್ಯಾರವ್ರೆ ಮೊದ್ಲು ಏಳಿ" ಎಂದರು. ಇನ್ನೊಬ್ಬರು, "ಅಗ್ಗ ಐತಾ ದೋಣೀಲಿ?" ಎಂದರು. ಹಗ್ಗ ಇಲ್ಲ ಎಂದೆ. "ಟವಲ್ಲು?" ಎಂದರು. ಟವೆಲ್ಲಿನ ವಿಷಯ ಪ್ರಶ್ನೆಯಲ್ಲಿ ಬರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಅವರೆಲ್ಲ ಸೇರಿ ಟವೆಲ್ಲಿಗೆ ಟವೆಲ್ಲು ಗಂಟು ಹಾಕಿ, ಈಜು ಬರುವವನನ್ನು ಮುಂದೆ ಬಿಟ್ಟು, ಇಬ್ಬರನ್ನು ದೋಣಿಯ ಅಂಚು ಹಿಡಿಸಿ, ಐದೂ ಜನರನ್ನು ದಡ ಸೇರಿಸಿಬಿಟ್ಟರು. ಆಮೇಲೆ ನಿಂಗಮ್ಮ ನನ್ನನ್ನು ನೋಡಿದ ನೋಟ ಮರೆಯುವಂತಿಲ್ಲ.

"ಒಬ್ಬುನ್ನ ತಳ್ತೀಯಾ ಅಂತ ಕೇಳಕೆ ಆಸ್ನದಿಂದ ಬಂದ್ಯಾ ಮಗಾ? ಓದಿದ್ ಕೂಸು ನೀನು."

ನಾನು ಫಾರಂನಲ್ಲಿ ಅವರೆಲ್ಲರ ಹೆಸರಿನ ಮುಂದೆ ಒಂಬತ್ತು ಎಂದು ಬರೆದೆ. ನಮ್ಮ ಲೆಕ್ಕದಲ್ಲಿ ಒಂಬತ್ತು ಎಂದರೆ 'ಉತ್ತರಿಸಲಿಲ್ಲ'. ಅಜ್ಜಿ ಒಂದು ಮೊರ ಅವರೆಕಾಳು ಕಟ್ಟಿಕೊಟ್ಟಿತು. ಅದನ್ನೂ ತೆಗೆದುಕೊಂಡೆ.

ಫಾರಂಗಳನ್ನು ನೋಡಿ ನಾಗಭೂಷಣ ಮೇಷ್ಟ್ರು ಪೇಚಾಡಿದರು. "ಇವರಿಗೆ ಇಲ್ಲದ್ದನ್ನ ಇದೆ ಅಂತ ಕಲ್ಪಿಸಿಕೊಂಡು ಯೋಚನೆ ಮಾಡೋಕೆ ಬರೋದಿಲ್ಲ ಕಣಮ್ಮ" ಎಂದರು. ಇಲ್ಲದ ಟವೆಲ್ಲು ಕಲ್ಪಿಸಿಕೊಂಡಿದ್ದರಲ್ಲ ಸಾರ್ ಎಂದು ನಾಲಿಗೆ ತುದಿಗೆ ಬಂದಿತ್ತು. ಅವರು ಹೇಳಿದ್ದನ್ನೇ ಸುಂದರ ಅಕ್ಷರದಲ್ಲಿ ವರದಿಯಲ್ಲಿ ಬರೆದೆ.

ಮುಂದಿನ ಪ್ರಶ್ನಾವಳಿಯಲ್ಲಿ ದೋಣಿ ಇರಲಿಲ್ಲ, ನೇರ ಪ್ರಶ್ನೆಯಿತ್ತು. ಅದನ್ನು ಮೊದಲು ನಮ್ಮ ಬೀದಿಯಲ್ಲೇ ಪರೀಕ್ಷೆ ಮಾಡೋಣವೆಂದು ಹೊಳೆನರಸೀಪುರಕ್ಕೆ ಹೋಗಿ, ಎದುರುಮನೆಯ ಶಾರದತ್ತೆಯ ಮುಂದೆ ಟೇಪ್ ರೆಕಾರ್ಡರ್ ಇಟ್ಟೆ. ಅತ್ತೆ ಎಂದರೆ ಸ್ವಂತ ಅತ್ತೆಯಲ್ಲ. ಬೀದಿಗೆಲ್ಲ ಅತ್ತೆ. ಪೂಜೆ ಮುಗಿಸಿ ಆಗಷ್ಟೇ ಕುಂಕುಮ ಇಟ್ಟುಕೊಂಡು ಕೂತಿದ್ದರು.

"ಅತ್ತೆ, ನಿಮ್ಮ ಪ್ರಕಾರ ಅನೈತಿಕ ನಡವಳಿಕೆ ಅಂದರೆ ಯಾವುದು?"

ಅತ್ತೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿ, "ನಿನ್ನ ಕಿವಿಗೂ ಬಿತ್ತೇನೇ?" ಎಂದರು. ಮುಂದಿನ ಒಂದು ಗಂಟೆ ನಮ್ಮ ಬೀದಿಯ ಮೂರು ಮನೆಗಳ ಕಥೆ ಹೇಳಿದರು. ಯಾರು ಯಾರ ಜೊತೆ, ಯಾವ ವರ್ಷ, ಯಾವ ಮದುವೆಯಲ್ಲಿ ಶುರುವಾಯಿತು, ಎಲ್ಲ. ಆಗ ಅರ್ಥವಾಯಿತು. ಪತ್ರಿಕೆಗಳ ದಯೆಯಿಂದ 'ಅನೈತಿಕ' ಎನ್ನುವ ಪದಕ್ಕೆ ನಮ್ಮಲ್ಲಿ ಒಂದೇ ಅರ್ಥ ಉಳಿದಿತ್ತು. ಕೊನೆಗೆ ಅತ್ತೆ, "ಇದೆಲ್ಲ ಮೈಸೂರಿನವರಿಗೆ ಯಾಕೆ ಬೇಕೇ?" ಎಂದು ಕೇಳಿದರು. ಆ ಟೇಪನ್ನು ಅಳಿಸಿ ಅದರ ಮೇಲೆ ಹರಿಕಥೆ ತುಂಬಿಸಿಕೊಂಡೆ. ಮೂರು ಮನೆಗಳವರಲ್ಲಿ ಈಗಲೂ ಕೆಲವರು ಇದ್ದಾರೆ. ಎದುರು ಸಿಕ್ಕಾಗ ನಾನು ಬೇಕೆಂದೇ ಹವಾಮಾನದ ವಿಷಯ ತೆಗೆಯುತ್ತೇನೆ.

ಕೇಳಿದರೆ ಹೀಗಾಗುತ್ತದೆ, ಕೇಳದೆಯೇ ನೋಡೋಣ ಎಂದರು ಮೇಷ್ಟ್ರು. ಅಲ್ಲಿಂದ ಶುರುವಾಯಿತು ಕೊಡೆಗಳ ಪ್ರಯೋಗ. ಆರು ಕಪ್ಪು ಕೊಡೆಗಳು. ಹಿಡಿಗೆ ನನ್ನ ಹೆಸರು, ಕಾಲೇಜಿನ ವಿಳಾಸ ಬರೆದ ಚೀಟಿ. ಮಳೆಗಾಲದಲ್ಲಿ ಒಂದೊಂದನ್ನೇ ಬಸ್ ನಿಲ್ದಾಣ, ಆಸ್ಪತ್ರೆಯ ಬೆಂಚು, ಹೋಟೆಲು ಹೀಗೆ ಮರೆತವಳಂತೆ ಬಿಟ್ಟು, ದೂರದಲ್ಲಿ ಕೂತು ಯಾರು ಏನು ಮಾಡುತ್ತಾರೆಂದು ಬರೆದುಕೊಳ್ಳಬೇಕು. ಏನೇ ಆದರೂ ನಡುವೆ ಬಾಯಿ ಹಾಕಬಾರದು. ಇದು ಕಟ್ಟುನಿಟ್ಟಿನ ನಿಯಮ.

ಅರಕಲಗೂಡಿನಲ್ಲಿ ಬಿಟ್ಟ ಮೊದಲ ಕೊಡೆಯನ್ನು ಪಂಚೆ ಉಟ್ಟ ಒಬ್ಬ ರೈತ ಎತ್ತಿಕೊಂಡು, ಚೀಟಿ ಓದಿ, ಬಿಚ್ಚಿ, ಮಳೆಯಲ್ಲಿ ನಡೆದು ಹೋದ. 'ಹಿಂದಿರುಗಿಸಲಿಲ್ಲ' ಎಂದು ಬರೆದೆ. ಮಳೆಗಾಲ ಕಳೆದು, ರಾಗಿ ಕೊಯ್ಲಿನ ಹೊತ್ತಿಗೆ ಅದೇ ಮನುಷ್ಯ ಕಾಲೇಜಿನ ಬಾಗಿಲಲ್ಲಿ ನಿಂತಿದ್ದ.

"ಕೊಡೆ ನಿಮ್ದೇ ಏನವ್ವ? ಮಳೆ ಇಡ್ಕಂಡಿತ್ತು, ಅದ್ಕೇ ಇಟ್ಕಂಡಿದ್ದೆ. ಒಂದ್ ಕಡ್ಡಿ ಮುರ್ದಿತ್ತು, ಆಕ್ಸಿದೀನಿ ನೋಡಿ."

ನಾನು ಬಿಟ್ಟಾಗಲೇ ಆ ಕಡ್ಡಿ ಮುರಿದಿತ್ತು. ಈ ಮನುಷ್ಯ ಪ್ರಾಮಾಣಿಕನೋ ಅಲ್ಲವೋ? ನಾನು ಹೌದೆಂದೆ, ಮೇಷ್ಟ್ರು ಅಲ್ಲ ಎಂದರು, ವಿಭಾಗದ ಗುಮಾಸ್ತರು "ಕೊಡೆಗೆ ಇವರಿಗಿಂತ ಒಳ್ಳೆ ಯಜಮಾನ ಸಿಕ್ಕಿದ್ದ" ಎಂದರು. ಎರಡು ದಿನ ಚರ್ಚೆ ನಡೆಯಿತು, ತೀರ್ಮಾನವಾಗಲಿಲ್ಲ.

ಅದಾದ ಮುಂದಿನ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಒಂದು ಕೊಡೆ ಬಿಟ್ಟು, ಎದುರಿನ ಹೋಟೆಲಿನ ಕಿಟಕಿ ಪಕ್ಕ ಕೂತಿದ್ದೆ. ಬೆಳಗಿನ ಹೊತ್ತು. ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಬೆಂಚಿನ ಕೆಳಗೆ ಬಿದ್ದಿದ್ದ ಕೊಡೆಯನ್ನು ಎತ್ತಿ, ತನ್ನ ಬುಟ್ಟಿ, ಊಟದ ಡಬ್ಬಿಯ ಚೀಲ ಇಟ್ಟಿದ್ದ ಮೂಲೆಯಲ್ಲಿ ಇಟ್ಟಳು. ನಾನು ಗಡಿಯಾರ ನೋಡಿ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಸಫಾರಿ ತೊಟ್ಟ ಪ್ರಯಾಣಿಕನೊಬ್ಬ ಆ ಮೂಲೆಯ ಕಡೆ ನೋಡಿ ಗಟ್ಟಿಯಾಗಿ ಕೂಗಿದ.

"ಏಯ್, ಯಾರ್ದು ಆ ಕೊಡೆ? ಕದ್ದು ಬಚ್ಚಿಟ್ಕೊಂಡಿದೀಯಾ?"

"ಇಲ್ಲಾ ಸಾ, ಬಿದ್ದಿತ್ತು. ಗುಡ್ಸಿ ಆದ್ಮೇಲೆ ಆಫೀಸಿಗೆ ಕೊಡಾನ ಅಂತಿದ್ದೆ."

ಜನ ಸೇರಿದರು. ಯಾರೋ ಚೀಟಿ ಓದಿ, "ಕಾಲೇಜು ಮೇಡಂದು ಕಣ್ರೀ!" ಎಂದರು. ಅದು ಕದ್ದಿದ್ದಕ್ಕೆ ಸಾಕ್ಷಿಯೇನೋ ಎನ್ನುವಂತೆ ಗಲಾಟೆ ಜೋರಾಯಿತು. ಇನ್ನೇನೇನು ಕದ್ದಿದ್ದಾಳೋ ನೋಡಿ ಎಂದು ಒಬ್ಬ ಅವಳ ಚೀಲ ಸುರಿದ. ಡಬ್ಬಿ ಬಿದ್ದು ಬಾಯಿ ತೆರೆದು, ಮುದ್ದೆ ಉರುಳಿ ನೆಲದ ನೀರಿನಲ್ಲಿ ನಿಂತಿತು. ಅವಳು ಅದನ್ನು ನೋಡುತ್ತಾ ನಿಂತಳು. ನಾನು ಎದ್ದೆ. ನಿಯಮ ನೆನಪಾಯಿತು. ಮತ್ತೆ ಕೂತೆ. ಕೂತು ಬರೆದುಕೊಂಡೆ. ಹಾಸನದ ಬಸ್ಸು ಬಂತು, ಹತ್ತಿದೆ.

ಆ ಕೂತದ್ದನ್ನು ನಾನು ಯಾವ ಸೆಮಿನಾರಿನಲ್ಲೂ ಹೇಳಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಮೇಷ್ಟ್ರಿಗೆ ಹೇಳದೆ ಮೊದಲ ಬಸ್ಸಿಗೆ ವಾಪಸ್ ಹೋದೆ. ಅವಳು ಅದೇ ಜಾಗದಲ್ಲಿ ಗುಡಿಸುತ್ತಿದ್ದಳು. ಹೆಸರು ರಂಗಮ್ಮ ಎಂದು ಹೋಟೆಲಿನವರು ಹೇಳಿದರು. ಸೋಮವಾರದಿಂದ ಕೆಲಸಕ್ಕೆ ಬರಬೇಡ ಎಂದು ಗುತ್ತಿಗೆದಾರ ಹೇಳಿಬಿಟ್ಟಿದ್ದಾನೆ ಎನ್ನುವುದನ್ನೂ ಅವರೇ ಹೇಳಿದರು. ಹೋಟೆಲಿನವರನ್ನು, ಬೀಡಾ ಅಂಗಡಿಯವರನ್ನು, ನಿನ್ನೆ ಅಲ್ಲಿದ್ದವರನ್ನೆಲ್ಲ ಕರೆದುಕೊಂಡು ಹೋಗಿ ಅವಳ ಮುಂದೆ ನಿಂತೆ.

"ಆ ಕೊಡೆ ನಂದು. ಮರೆತು ಬಿಟ್ಟಿದ್ದಲ್ಲ. ಯಾರು ಏನು ಮಾಡ್ತಾರೆ ನೋಡೋಣ ಅಂತ ಬೇಕೆಂದೇ ಬಿಟ್ಟಿದ್ದೆ. ಇವರು ಕದ್ದಿಲ್ಲ. ತಪ್ಪು ನನ್ನದು."

ರಂಗಮ್ಮ ತಲೆ ಎತ್ತಲಿಲ್ಲ. "ಕಾಲೆತ್ತಿ, ಗುಡುಸ್ಬೇಕು" ಎಂದಳು. ಎತ್ತಿದೆ. ಗುಡಿಸಿದಳು. ಆಮೇಲೆ ಪೊರಕೆ ಹಿಡಿದೇ ಕೇಳಿದಳು.

"ನೆನ್ನೆ ಎಲ್ಲಿದ್ರಿ?"

"ಆ ಹೋಟೆಲಲ್ಲಿ."

"ನೋಡ್ತಿದ್ರಾ?"

"ನೋಡ್ತಿದ್ದೆ."

"ನೋಡ್ಕಂಡು ಏನ್ ಮಾಡುದ್ರಿ?"

"ಬರೆದುಕೊಂಡೆ."

"ಓದಿ."

ಎಲ್ಲರ ಮುಂದೆ ಪುಸ್ತಕ ತೆಗೆದು ಓದಿದೆ. 'ಸುಮಾರು ನಲವತ್ತು ವಯಸ್ಸಿನ ಸ್ತ್ರೀ ಕೊಡೆಯನ್ನು ಎತ್ತಿಕೊಂಡು ಮೂಲೆಯಲ್ಲಿ ಮರೆಮಾಡಿದಳು.' ಅವಳು ಕೈ ಅಡ್ಡ ಮಾಡಿದಳು.

"ಮರೆಮಾಡ್ದೆ ಅಂತ ಯಾಕ್ ಬರುದ್ರಿ? ಬುಟ್ಟಿ ತಾವ ಇಟ್ಟೆ. ಒಂದ್ ಕೈಲಿ ಕೊಡೆ ಇಡ್ಕಂಡು ಒಂದ್ ಕೈಲಿ ಗುಡ್ಸಕಾಯ್ತದಾ? ನೀವೊಂದ್ ದಪ ಗುಡ್ಸಿ ನೋಡಾನ. ಒಡಿರಿ ಅದ್ನ."

ಹೊಡೆದು ಹಾಕಿ, 'ಬುಟ್ಟಿಯ ಪಕ್ಕ ಇಟ್ಟಳು' ಎಂದು ಬರೆದೆ. ಅದನ್ನೂ ಓದಿಸಿದಳು. "ಸುಮಾರು ನಲವತ್ತಲ್ಲ, ಮೂವತ್ತಾರು" ಎಂದಳು. ಅದನ್ನೂ ತಿದ್ದಿದೆ. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. "ಬೇಕಾದ್ರೆ ನನ್ನೇ ಕೇಳಿದ್ರೆ ಏಳ್ತಿರ್ನಿಲ್ವಾ? ಬಾಯಿ ಇಲ್ವಾ ನಂಗೆ?" ಎಂದಳು. ಆ ದಿನವೇ ಗುತ್ತಿಗೆದಾರನ ಮನೆ ಹುಡುಕಿಕೊಂಡು ಹೋಗಿ, ನಡೆದದ್ದೆಲ್ಲ ಬರೆದು ಸಹಿ ಹಾಕಿಕೊಟ್ಟೆ. ಅವನು ಎರಡು ಸಲ ಓದಿ, "ಓದಿದೋರು ಮಾಡೋ ಕೆಲ್ಸನೇನ್ರೀ ಇದು?" ಎಂದ. ರಂಗಮ್ಮನ ಕೆಲಸ ಉಳಿಯಿತು.

ಮೇಷ್ಟ್ರ ಮುಂದೆ ಎಲ್ಲ ಒಪ್ಪಿಸಿದಾಗ ಅವರು ಬೈಯುತ್ತಾರೆ, ಪ್ರಯೋಗ ಹಾಳು ಮಾಡಿದೆ ಎನ್ನುತ್ತಾರೆ ಎಂದು ನಿರೀಕ್ಷಿಸಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. "ಆ ನಿಯಮ ಬರೆದವನು ನಾನು ಕಣಮ್ಮ" ಎಂದರು. ಮುಂದಿನ ವಾರ, ಮೈಸೂರು ಬಿಟ್ಟು ಹೊರಗೆ ಬಾರದ ಮನುಷ್ಯ, ಟೈ ಕಟ್ಟಿಕೊಂಡು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಇಳಿದರು. ರಂಗಮ್ಮನ ಮುಂದೆ ಕೈಮುಗಿದು, "ಈ ಉಪಾಯ ನನ್ನದು. ತಪ್ಪಾಯಿತು" ಎಂದರು.

ರಂಗಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟ್ ವಯಸ್ಸಾಗದೆ, ಕೊಡೆ ಬುಟ್ಕಂಡ್ ಆಟ ಆಡ್ತೀರಾ ಸಾ?" ಎಂದು ಕೇಳಿ, ಮೊದಲ ಸಲ ನಕ್ಕಳು. ಮೇಷ್ಟ್ರೂ ನಕ್ಕರು. ಮುಂದೆ ನಿವೃತ್ತರಾಗುವವರೆಗೂ ಪ್ರತಿ ಸೆಮಿನಾರಿನಲ್ಲಿ ತಮ್ಮ ಹೆಸರಿನ ಸಮೇತ ಈ ಮಾತು ಹೇಳಿಕೊಂಡು ನಗುತ್ತಿದ್ದರು. ಆ ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ, "ಆ ಮಲ್ಲಿಪಟ್ಟಣದ ಒಂಬತ್ತುಗಳಿವೆಯಲ್ಲ, ಅವನ್ನು ಮತ್ತೆ ತೆಗಿ. ಅವರು ಉತ್ತರ ಹೇಳಿದ್ದಾರೆ, ನಾವು ಕೇಳಿಸಿಕೊಂಡಿಲ್ಲ" ಎಂದರು. ನನ್ನ ಪ್ರಬಂಧದ ಅತ್ಯುತ್ತಮ ಅಧ್ಯಾಯ ಆ ಒಂಬತ್ತುಗಳಿಂದ ಬಂತು. ಅದರ ಕೆಳಗೆ ಹೆಸರು ನನ್ನದಿದೆ, ಬುದ್ಧಿ ನಿಂಗಮ್ಮನದು.

ಆಮೇಲೆ ಚನ್ನರಾಯಪಟ್ಟಣದ ಕಡೆ ಹೋದಾಗಲೆಲ್ಲ ರಂಗಮ್ಮನನ್ನು ಮಾತನಾಡಿಸದೆ ಬರುತ್ತಿರಲಿಲ್ಲ. ಹೊಸ ಪ್ರಶ್ನೆಗಳನ್ನು ಮೊದಲು ಅವಳಿಗೇ ಓದಿ ಹೇಳುತ್ತಿದ್ದೆ. 'ನೈತಿಕ' ಎನ್ನುವ ಪದಕ್ಕೆ ಅವಳು ಮೂಗು ಮುರಿದಳು. 'ತಪ್ಪು' ಎಂದರೆ, "ತಪ್ಪು ಅಂದ್ರೆ ಪೊಲೀಸ್ನೋರು ಬಂದಂಗಾಯ್ತದೆ" ಎಂದಳು. ಮತ್ತೆ ಹೇಗೆ ಕೇಳಲಿ ಎಂದೆ.

"ಯಾವ್ದುಕ್ಕೆ ನಿಮ್ ಮನ್ಸು ಒಪ್ಪಾಕಿಲ್ಲ ಅಂತ ಕೇಳಿ. ಎಲ್ರೂ ಏಳ್ತಾರೆ."

ಎಲ್ಲರೂ ಹೇಳಿದರು. ಮುಂದಿನ ಹದಿನೈದು ವರ್ಷ ನನ್ನ ಕೆಲಸವೆಲ್ಲ ಆ ಒಂದು ವಾಕ್ಯದ ಮೇಲೆ ನಡೆಯಿತು. ಇನ್ನೊಂದು ಪದ್ಧತಿಯೂ ಅವಳಿಂದಲೇ ಬಂದದ್ದು. ಯಾರ ಬಗ್ಗೆ ಏನು ಬರೆದುಕೊಂಡೆನೋ ಅದನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಂಡು ಏಳುವುದು. ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ಹೊಸಬರು ಇದನ್ನು ಬಿಡಬೇಡಿ.

ಪ್ರಶ್ನಾವಳಿ ಹೋಗಿ ಕಾರ್ಡುಗಳು ಬಂದವು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಕೆಲಸ: ಕೊಟ್ಟ ಮಾತಿಗೆ ತಪ್ಪುವುದು, ಪಕ್ಕದವರ ಗದ್ದೆಯ ನೀರು ತಿರುಗಿಸಿಕೊಳ್ಳುವುದು, ಮನೆಗೆ ಬಂದವರನ್ನು ಮಾತನಾಡಿಸದೆ ಕಳಿಸುವುದು. ಜನ ಅವನ್ನು ಓದಿ, ಮನಸ್ಸು ಒಪ್ಪದ್ದು ಒಂದು ಗುಡ್ಡೆ, ಒಪ್ಪುವುದು ಇನ್ನೊಂದು ಗುಡ್ಡೆ ಮಾಡಬೇಕು. ಓದಲು ಬಾರದವರಿಗಾಗಿ ಡ್ರಾಯಿಂಗ್ ಮೇಷ್ಟ್ರೊಬ್ಬರಿಂದ ಚಿತ್ರ ಬರೆಸಿದೆ. ಅವರು ಕಳ್ಳನನ್ನು ಎಷ್ಟು ಬಡಕಲಾಗಿ ಬರೆದಿದ್ದರೆಂದರೆ, ನೋಡಿದವರೆಲ್ಲ "ಅಯ್ಯೋ, ಇವ್ನು ಊಟ ಮಾಡಿ ಎಷ್ಟು ದಿಸಾಯ್ತೋ" ಎಂದು ಕಳ್ಳತನದ ಕಾರ್ಡನ್ನು ಒಪ್ಪುವ ಗುಡ್ಡೆಗೆ ಹಾಕತೊಡಗಿದರು. ಕಳ್ಳನನ್ನು ದಪ್ಪ ಮಾಡಿ ಹೊಸದಾಗಿ ಬರೆಸಬೇಕಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರು ಬಂತು. ನನ್ನ ಬಳಿ ಸಂಶೋಧನೆಗೆ ಸೇರಿದ ಗಿರೀಶ ಬುದ್ಧಿವಂತ, ನನಗಿಂತ ಚೆನ್ನಾಗಿ ಅಂಕಿ ಅಂಶ ಬಲ್ಲವನು. ಆಗಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಗುಡ್ಡೆ ಮಾಡುವುದು ಹಳೆಯ ಕಾಲದ್ದು, ಒಂದರಿಂದ ಐದರವರೆಗೆ ಅಂಕ ಕೊಡಿಸೋಣ ಎಂದ. ಸರಿ, ನೋಡೋಣ ಎಂದೆ. ಹಾಸನದ ಆಲೂಗೆಡ್ಡೆ ಮಂಡಿಗೆ ಹೋದೆವು. ಅಲ್ಲಿ ಮೂಟೆಯ ಬಾಯಲ್ಲಿ ದಪ್ಪ ಗೆಡ್ಡೆ, ಒಳಗೆ ಸಣ್ಣ ಗೆಡ್ಡೆ ಇಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೂಟೆಯ ಮೇಲೆ ಕೂತಿದ್ದ ಬೂವನಹಳ್ಳಿ ಕಡೆಯ ರೈತರೊಬ್ಬರನ್ನು ಗಿರೀಶ ಕೇಳಿದ.

"ಮೇಲೆ ದಪ್ಪ ಗೆಡ್ಡೆ ಇಡೋದಕ್ಕೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡ್ತೀರಿ?"

"ತಪ್ಪಿಗೂ ಮಾರ್ಕ್ಸ್ ಕೊಡ್ಬೇಕಾ? ನಾನೇನ್ ಮೇಷ್ಟ್ರಾ?"

"ಸುಮ್ನೆ ಒಂದು ನಂಬರ್ ಹೇಳಿ ಯಜಮಾನ್ರೆ."

"ನೋಡಪ್ಪ, ಎಲ್ಲಾ ಇಡ್ತಾರೆ ಅಂತ ತಗಳೋನಿಗೂ ಗೊತ್ತು. ನಾನು ಇಡ್ದೇ ಇದ್ರೆ, ಮೇಲೇ ಇಷ್ಟ್ ಸಣ್ಣವು ಅಂದ್ರೆ ಒಳಗೆ ಇನ್ನೆಷ್ಟು ಸಣ್ಣವೋ ಅನ್ಕತಾನೆ. ಆಗ ನಾನು ನಿಜ ಏಳಿ ಸುಳ್ಳ ಆಯ್ತೀನಿ."

"ಹಾಗಾದ್ರೆ ತಪ್ಪಲ್ಲ ಅಂತೀರಾ?"

"ತಪ್ಪೇಯ. ಆದ್ರೆ ಮೋಸ ಅಲ್ಲ. ಬರ್ಕೊ."

ಗಿರೀಶ ಪೆನ್ನು ಹಿಡಿದುಕೊಂಡು ಫಾರಂ ನೋಡಿದ. ಒಂದು, ಎರಡು, ಮೂರು, ನಾಲ್ಕು, ಐದು. 'ತಪ್ಪು, ಆದರೆ ಮೋಸ ಅಲ್ಲ' ಎನ್ನುವುದಕ್ಕೆ ಜಾಗವಿರಲಿಲ್ಲ. ಸಂಜೆ ವಿಭಾಗಕ್ಕೆ ಬಂದು ಫಾರಂಗಳನ್ನು ಮೇಜಿನ ಮೇಲಿಟ್ಟು, "ಮೇಡಂ, ಆ ಕಾರ್ಡುಗಳು ಎಲ್ಲಿಟ್ಟಿದ್ದೀರಿ?" ಎಂದ. ಕಂಪ್ಯೂಟರನ್ನು ನಾವೇನೂ ಬಿಡಲಿಲ್ಲ. ಎಣಿಸುವ ಕೆಲಸ ಅದಕ್ಕೆ, ಕೇಳುವ ಕೆಲಸ ನಮಗೆ ಎಂದು ಹಂಚಿಕೊಂಡೆವು. ಗಿರೀಶ ಈಗ ನನಗಿಂತ ಒಳ್ಳೆಯ ಕೇಳುಗ.

ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದಾಗ ಕೊನೆಯ ಸಲ ಕಾರ್ಡು ಚೀಲ ಹೆಗಲಿಗೆ ಹಾಕಿಕೊಂಡು ಹರದನಹಳ್ಳಿಗೆ ಹೋದೆ. ಚಿಕ್ಕೇಗೌಡರು ಎಂಬ ರೈತರು ಮತ್ತು ಅವರ ಹೆಂಡತಿ ಸಣ್ಣಮ್ಮ ಬಸ್ ನಿಲ್ಲುವ ಅರಳಿಮರದ ಎದುರಿನ ಮನೆಯವರು. ಗೌಡರು ಕಾರ್ಡುಗಳನ್ನು ಪಟಪಟನೆ ಗುಡ್ಡೆ ಮಾಡಿ ಮುಗಿಸಿದರು. ನಾನು ಬರೆದುಕೊಂಡಿದ್ದನ್ನು ಓದಿ ಹೇಳಿದೆ, ಒಪ್ಪಿದರು. ಚೀಲಕ್ಕೆ ತುಂಬಲು ಕೈ ಹಾಕಿದೆ. ಸಣ್ಣಮ್ಮ ತಡೆದರು.

"ತಡೀರವ್ವ. ನಾವ್ ಮಾಡಿದ್ದಾಯ್ತು. ಈಗ ನೀವ್ ಮಾಡಿ, ನಾವ್ ನೋಡಾನ."

ಅಷ್ಟು ವರ್ಷ ಎಷ್ಟೋ ಜನರ ಕೈಗೆ ಕೊಟ್ಟ ಕಾರ್ಡುಗಳು ಅವು. ನನಗೆ ಯಾರೂ ಹೀಗೆ ಹೇಳಿರಲಿಲ್ಲ. ನಗುತ್ತಲೇ ಶುರುಮಾಡಿದೆ. ನೀರು ತಿರುಗಿಸುವುದು ಇತ್ತ, ಮಾತಿಗೆ ತಪ್ಪುವುದು ಇತ್ತ. ಗಂಡ ಹೆಂಡತಿ ಇಬ್ಬರೂ ಪ್ರತಿ ಕಾರ್ಡಿಗೂ "ಅದ್ಯಾಕೆ?" ಎಂದು ಕೇಳುತ್ತಿದ್ದರು. ನಾನು ಜನರನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೆ ಎಂಬುದು ಆಗ ಗೊತ್ತಾಯಿತು. ಕೊನೆಗೆ ಒಂದು ಕಾರ್ಡು ಕೈಯಲ್ಲಿ ಉಳಿಯಿತು. 'ಕಾಯಿಲೆಯವರಿಗೆ ಏನೂ ಇಲ್ಲ ಎಂದು ಸುಳ್ಳು ಹೇಳುವುದು.'

ಎಲ್ಲಿಡಲೂ ಆಗಲಿಲ್ಲ. ಅಷ್ಟರಲ್ಲಿ ಸಂಜೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಂದಲೇ, "ಮೇಡಂ, ಬತ್ತೀರೋ ಇಲ್ವೋ?" ಎಂದು ಕೂಗಿದ.

"ತಡಿಯಲಾ, ಅವರ್ದೊಂದ್ ಕಾರ್ಡ್ ಉಳ್ದದೆ!" ಎಂದು ಗೌಡರು ಕೂಗಿದರು.

ಏನು ಕಾರ್ಡು ಎಂದು ನೋಡಲು ಕಂಡಕ್ಟರ್ ಇಳಿದ. ಅವನ ಹಿಂದೆ ಒಂದಷ್ಟು ಪ್ರಯಾಣಿಕರೂ ಇಳಿದರು. ನನಗೆ ಬೇರೆ ದಾರಿ ಇರಲಿಲ್ಲ, ಹೇಳಿದೆ. ಅಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಹಾಸನದಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು. ಹೊರಗೆ ಬಂದು ನಾನು, "ಏನಿಲ್ಲಮ್ಮ, ಹುಣ್ಣು ಅಷ್ಟೆ, ಖಾರ ಬಿಡಬೇಕಂತೆ" ಎಂದದ್ದು. ಅಮ್ಮ "ಅಷ್ಟೇನಾ, ಸದ್ಯ" ಎಂದದ್ದು. ಡಾಕ್ಟರು ಹೇಳಿದ್ದಕ್ಕಿಂತ ಮೂರು ವರ್ಷ ಹೆಚ್ಚು ಬದುಕಿ, ಪ್ರತಿ ದಿನ ಖಾರವಿಲ್ಲದ ಸಾರು ಉಂಡು, ಹಿಂದಿನ ವರ್ಷವಷ್ಟೇ ಅಮ್ಮ ತೀರಿಕೊಂಡಿದ್ದರು. ಒಂದು ದಿನವೂ ಮತ್ತೆ ಕೇಳಿರಲಿಲ್ಲ.

ಸಣ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಮೂರೊರ್ಷದ ಮೇಲಾಯ್ತು, ಒಂದ್ ದಪನೂ ಕೇಳ್ನಿಲ್ಲ ಅಂದ್ರೆ ಅವ್ರಿಗೆ ಗೊತ್ತಿತ್ತು ಬುಡಿ. ನೀವು ಎದುರ್ಕಂಡೀರಿ ಅಂತ ಗೊತ್ತಿಲ್ದಂಗೆ ಇದ್ರು. ಅವರ್ದೂ ಸುಳ್ಳೇಯ."

ನನ್ನ ಕೈಯಲ್ಲಿದ್ದ ಕಾರ್ಡನ್ನು ಬಿಡಿಸಿಕೊಂಡು, ಎರಡು ಗುಡ್ಡೆಗಳಲ್ಲಿ ಯಾವುದಕ್ಕೂ ಸೇರಿಸದೆ, ನನ್ನ ಚೀಲದೊಳಗೆ ಇಟ್ಟರು. "ಇದು ಇಲ್ಲಿ ಇಡೋದಲ್ಲ. ನಿಮ್ ಮನೇದು, ತಗಂಡೋಗಿ."

ಬಸ್ಸು ಹತ್ತಿದೆ. ಊರು ದಾಟುತ್ತಲೇ ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ, "ನಮ್ಮಪ್ಪಂಗೆ ನಾನೂ ಅಂಗೇ ಏಳಿದ್ದೆ ಕಣವ್ವ, ವಾತ ಅಂತ" ಎಂದರು. ಅವರ ಪಕ್ಕದವರು ಅತ್ತೆಗೆ ಹೇಳಿದ್ದನ್ನು ಹೇಳಿದರು. ಹಿಂದಿನ ಸೀಟಿನ ಹೆಂಗಸು, ತನ್ನ ಗಂಡ ತನಗೇ ಹೇಳಿದ್ದ ಸುಳ್ಳನ್ನು ತಾನು ಮೊದಲ ದಿನವೇ ಕಂಡುಹಿಡಿದು, ಆಸ್ಪತ್ರೆಯಿಂದ ಮನೆಗೆ ಬರುವವರೆಗೂ ತೋರಗೊಡದೆ ಇದ್ದ ಕಥೆ ಹೇಳಿದಾಗ ಎಲ್ಲರೂ ಜೋರಾಗಿ ನಕ್ಕರು. ಹೊಳೆನರಸೀಪುರ ಹತ್ತಿರ ಬರುವಷ್ಟರಲ್ಲಿ ಬಸ್ಸಿನ ಅರ್ಧ ಜನ ತಮ್ಮ ತಮ್ಮ ಸುಳ್ಳು ಒಪ್ಪಿಸಿ ಹಗುರಾಗಿದ್ದರು. ಇಡೀ ವೃತ್ತಿಜೀವನದಲ್ಲಿ ಅಷ್ಟು ಒಳ್ಳೆಯ ಮಾಹಿತಿ ನನಗೆ ಸಿಕ್ಕಿರಲಿಲ್ಲ. ಪುಸ್ತಕ ತೆಗೆಯಲಿಲ್ಲ.

ಇಳಿಯುವಾಗ ಕಂಡಕ್ಟರನನ್ನು ಕೇಳಿದೆ. "ಎಲ್ಲರದೂ ಆಯ್ತು. ನಿಮ್ಮದೊಂದು ಉಳೀತಲ್ಲ?"

ಅವನು ಅತ್ತಿತ್ತ ನೋಡಿ, ತಲೆ ಬಗ್ಗಿಸಿ ಹೇಳಿದ. "ಇಲ್ಲಿ ಏಳಂಗಿಲ್ಲ ಮೇಡಂ. ನಮ್ಮವ್ವ ಇನ್ನೂ ಬದ್ಕವ್ರೆ. ದಿನಾ ಇದೇ ಬಸ್ಸಲ್ಲೇ ಓಡಾಡ್ತಾರೆ."